ಎರಡು ಕಾರು, ಒಂದು ಮೂಟೆ

ಹೊಳೆದಂಡೆಯ ಮಠದ ಮುಂದೆ ಎರಡು ಕಾರುಗಳು ನಿಂತಿದ್ದವು. ಒಂದು, ಶಿಷ್ಯ ಇಂದುಧರನ ತಂದೆ ನಲವತ್ತು ವರ್ಷ ಓಡಿಸಿದ ಕೆಂಪು ಸ್ಪೋರ್ಟ್ಸ್ ಕಾರು. ಇನ್ನೊಂದು, ಅವನೇ ದುಡಿದು ಕೊಂಡದ್ದು. ಗುಂಡಿ ಒತ್ತಿದರೆ ಚಂಗನೆ ನೆಗೆಯುವ ಹೊಸದು. ಎರಡಕ್ಕೂ ಎರಡೆರಡೇ ಸೀಟು.

ತಂದೆ ಹೋದ ತಿಂಗಳು ತೀರಿಕೊಂಡಿದ್ದರು. ಮನೆಯಲ್ಲಿ ಒಂದೇ ಕಾರಿಗೆ ಜಾಗ. ನಾಳೆ ಬೆಳಿಗ್ಗೆ ಕೊಳ್ಳುವವರು ಬರುತ್ತಾರೆ. ಹಳೆಯದನ್ನು ಕೊಟ್ಟರೆ ಅಪ್ಪನನ್ನೇ ಕೊಟ್ಟಂತೆ; ಹೊಸದನ್ನು ಕೊಟ್ಟರೆ ತಾನು ಬೆವರು ಸುರಿಸಿದ್ದೆಲ್ಲ ನೀರಿಗೆ ಹಾಕಿದಂತೆ. ವಾರದಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ಮಠದ ಗುರುಗಳನ್ನೇ ಕೇಳಿದ.

"ಎರಡರಾಗ ಯಾವುದು ಛಲೋ, ಅಜ್ಜಾರ? ನನಗೊಂದೂ ತಿಳೀವಲ್ದು."

"ನನಗೇನ್ ಗೊತ್ತೋ ತಮ್ಮಾ? ಎರಡರಾಗೂ ಸೇತುವೆ ತನಕ ನನ್ನ ಕರ್ಕೊಂಡು ಹೋಗಿ ಬಾ. ನಾ ಕಣ್ಣು ಮುಚ್ಚಿ ಕೂಡ್ತೀನಿ. ಕಾರು ಹೆಂಗದ ಅಂತ ನೀ ಹೇಳ್ಕೋತ ನಡಿ."

ಮೊದಲು ಹೊಸದನ್ನು ಹತ್ತಿದರು.

"ತೇಲಿದಂಗ ಹೋಗ್ತದ್ರೀ. ಆದ್ರ ಅಪ್ಪನ ಕಾರಿನಾಗ ದಾರಿ ಒಂದೊಂದು ಹರಳೂ ಕೈಗೆ ಗೊತ್ತಾಗ್ತದ."

"ಬ್ರೇಕ್ ಹೆಂಗ?"

"ಅದರ ಮಾತ ಬ್ಯಾಡ್ರಿ! ಕಾಲಿಟ್ರ ಸಾಕು, ನಿಂತಬಿಡ್ತದ."

ಆಮೇಲೆ ಹಳೆಯದು. ಮೂರು ಸಲ ಕೆಮ್ಮಿ ಚಾಲೂ ಆಯಿತು.

"ಗೇರ್ ಹಾಕೂದ್ರಾಗ ಭುಜ ಬಿದ್ದು ಹೋಗ್ತದ್ರಿ. ಹೊಸದಿದ್ರ ಈ ಬಸ್ಸನ್ನ ಯಾವಾಗೋ ಹಿಂದ ಹಾಕ್ತಿದ್ದೆ."

"ಇದರ ಬ್ರೇಕ್?"

"ಗಟ್ಟಿ ಅದಾವ್ರಿ. ಅಪ್ಪ ಹ್ವಾದ ವರ್ಷನ ಮಾಡಿಸಿದ್ರು."

ಇಳಿದಾಗ ಇಂದುಧರನ ತಲೆ ಮೊದಲಿಗಿಂತ ಕೆಟ್ಟುಹೋಗಿತ್ತು. ಹೊಸದರಲ್ಲಿ ಕೂತು ಹಳೆಯದನ್ನು ಹೊಗಳಿದ್ದ, ಹಳೆಯದರಲ್ಲಿ ಕೂತು ಹೊಸದನ್ನು. ಈಗ ಎರಡೂ ಬೇಕೆನಿಸಿತು, ಎರಡೂ ಬೇಡವೆನಿಸಿತು.

"ಈಗರ ಹೇಳ್ರಿ ಅಜ್ಜಾರ, ಯಾವುದು ಇಟ್ಕೊಳ್ಳಲಿ?"

ಗುರುಗಳು ದಾರಿಯ ಕಡೆ ನೋಡುತ್ತ ಕಟ್ಟೆಯ ಮೇಲೆ ಕೂತರು.

ಬಹಳ ಹೊತ್ತಿನ ಮೇಲೆ ಮಠದಲ್ಲಿ ಅಡುಗೆ ಮಾಡುವ ನೀಲವ್ವ ತಲೆಯ ಮೇಲೆ ಜೋಳದ ಮೂಟೆ ಹೊತ್ತು, ಏದುಸಿರು ಬಿಡುತ್ತ ಅಂಗಳಕ್ಕೆ ಬಂದಳು. ಇಂದುಧರನನ್ನು ಕಂಡು ನಿಂತಳು.

"ಸೇತುವೆ ದಾರ್ಯಾಗ ಎರಡು ಸಲ ಕೈ ಮಾಡಿದ್ನೆಲ್ಲೋ, ಯಪ್ಪಾ! ಸೀಟು ಎರಡೇ ಅಂತ ನನಗೂ ಗೊತ್ತೈತಿ. ನಾ ನಡಕೋತನ ಬರ್ತಿದ್ದೆ. ಈ ಮೂಟಿ ಒಂದು ಇಟ್ಕೊಂಡಿದ್ರ ಸಾಕಿತ್ತು."

ಅವನ ಮುಖ ಕೆಂಪಾಯಿತು. "ಖರೇನ ಕಾಣಲಿಲ್ಲ, ಎವ್ವಾ."

ಗುರುಗಳು ಎದ್ದು ಮೂಟೆಗೆ ಕೈ ಕೊಟ್ಟು ಇಳಿಸಿದರು. ಧೋತರಕ್ಕೆ ಕೈ ಒರೆಸಿಕೊಂಡು ಶಿಷ್ಯನ ಕಡೆ ತಿರುಗಿದರು.

"ಈಗ ಹೇಳು ತಮ್ಮಾ, ಎರಡರಾಗ ಯಾವುದರ ಬ್ರೇಕ್ ಹಿಡೀಲಿಲ್ಲ?"