ನೂರಕ್ಕೆ ಎರಡು

"ಸೂತ್ರ ಸರಿ ಇದೆ, ಗುಣಾಕಾರ ಸರಿ ಇದೆ. ಒಂದೇ ಒಂದು ಪದ ನೋಡದೆ ಹೋಗಿದ್ದಕ್ಕೆ ಸೊನ್ನೆ ಕೊಡೋದಾ ಸರ್?"

ಕೇಳಿದವಳು ಒಂಬತ್ತನೇ ತರಗತಿಯ ಶಾಂಭವಿ, ಪೇಟೆಯ ಬಟ್ಟೆ ಅಂಗಡಿಯವರ ಮಗಳು. ಸಾವಿರ ರೂಪಾಯಿಗೆ ವಾರ್ಷಿಕ ಶೇಕಡ ಎರಡರಂತೆ ಮೂರು ವರ್ಷಕ್ಕೆ ಸರಳ ಬಡ್ಡಿ ಎಷ್ಟು ಎಂಬುದು ಪರೀಕ್ಷೆಯ ಪ್ರಶ್ನೆ. ಏಳುನೂರ ಇಪ್ಪತ್ತು ಎಂದು ಬರೆದಿದ್ದಳು. ಪೇಟೆಯಲ್ಲಿ ನೂರಕ್ಕೆ ಎರಡು ಎಂದರೆ ತಿಂಗಳಿಗೆ ಎರಡು. ಅವಳ ಕಿವಿಗೆ ಅದೇ ರೂಢಿ. ಆ ಒಂದು ಸೊನ್ನೆಯಿಂದ ತರಗತಿಯ ಮೊದಲ ಸ್ಥಾನ ಕೈತಪ್ಪಿತ್ತು.

ಪುಟ್ಟಬಸವಯ್ಯ ಮೇಷ್ಟ್ರು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟವರೇ ಅಲ್ಲ. ಸೀಮೆಸುಣ್ಣ ಕೆಳಗಿಟ್ಟು ಕತೆ ಶುರು ಮಾಡಿದರು.

ಒಬ್ಬ ನೇಕಾರ ಹೊಸ ಊರಿಗೆ ಬಂದ. ಮಗ್ಗ ಹಾಕಲು ವರ್ತಕನೊಬ್ಬನನ್ನು ಸಾವಿರ ರೂಪಾಯಿ ಸಾಲ ಕೇಳಿದ. "ಬಡ್ಡಿ ನೂರಕ್ಕೆ ಎರಡು. ಮೂರು ವರ್ಷಕ್ಕೆ ಅಸಲು, ಬಡ್ಡಿ ಒಟ್ಟಿಗೆ ಕೊಡು. ತಪ್ಪಿದರೆ ಮಗ್ಗ ನನ್ನದು" ಎಂದ ವರ್ತಕ. ನೇಕಾರ ಹುಟ್ಟಿದಾಗಿನಿಂದ ಸಾಲ ಮಾಡಿದವನಲ್ಲ. ಒಪ್ಪಿಕೊಂಡು ಮನೆಗೆ ಬಂದು, ಹೈಸ್ಕೂಲಿಗೆ ಹೋಗುವ ಮಗಳಿಂದ ಲೆಕ್ಕ ಹಾಕಿಸಿದ. ಅವಳಿಗೆ ಗೊತ್ತಿದ್ದದ್ದು ಪಠ್ಯಪುಸ್ತಕದ ಬಡ್ಡಿ. ವರ್ಷಕ್ಕೆ ಇಪ್ಪತ್ತು, ಮೂರು ವರ್ಷಕ್ಕೆ ಅರವತ್ತು ಎಂದಳು. ನೇಕಾರ ಬೆನ್ನು ಬಾಗಿಸಿ ನೇಯ್ದ. ಮೂರು ವರ್ಷ ತುಂಬಿದ ದಿನ ಸಾವಿರದ ಅರವತ್ತು ರೂಪಾಯಿ ಕಟ್ಟಿಕೊಂಡು, ಮಗಳನ್ನೂ ಕರೆದುಕೊಂಡು ಅಂಗಡಿಗೆ ಹೋದ.

ಗುಮಾಸ್ತ ಎಣಿಸಿ ನಕ್ಕುಬಿಟ್ಟ. "ಇನ್ನೂ ಆರುನೂರ ಅರವತ್ತು ಎಲ್ಲಪ್ಪಾ? ಈ ಊರಲ್ಲಿ ನೂರಕ್ಕೆ ಎರಡು ಅಂದ್ರೆ ತಿಂಗಳಿಗೆ. ಯಾರನ್ನ ಕೇಳಿದ್ರೂ ಹೇಳ್ತಾರೆ. ಮಗ್ಗ ಬಿಚ್ಚಿ ತಂದುಕೊಡು."

ಅಪ್ಪನ ಮಗ್ಗ ತನ್ನ ಲೆಕ್ಕದಿಂದಲೇ ಹೋಯಿತೆಂದು ಮಗಳು ಅಳತೊಡಗಿದಳು.

ವರ್ತಕ ಅವಳಿಂದಲೇ ಲೆಕ್ಕ ಹೇಳಿಸಿ ಕೇಳಿದ. ಆಮೇಲೆ ಹೇಳಿದ: "ನಿನ್ನ ಲೆಕ್ಕ ಸರಿಯಾಗಿದೆ ಕಣಮ್ಮ. ತಿಂಗಳಿಗೆ ಅನ್ನೋ ಮಾತು ನನ್ನ ಬಾಯಲ್ಲಿ ಬರಬೇಕಿತ್ತು, ಬರಲಿಲ್ಲ. ಬಿಟ್ಟವನು ನಾನು, ನಷ್ಟ ನನಗಿರಲಿ."

ಅರವತ್ತೇ ಬಡ್ಡಿ ತೆಗೆದುಕೊಂಡು ಸಾಲ ತೀರಿತೆಂದು ಬರೆದುಕೊಟ್ಟ. ಗುಮಾಸ್ತ ತಲೆ ಚಚ್ಚಿಕೊಂಡ. ಅಂದಿನಿಂದ ವರ್ತಕ ಯಾರಿಗೆ ಸಾಲ ಕೊಟ್ಟರೂ "ತಿಂಗಳಿಗೆ" ಎಂಬುದನ್ನು ಬೀದಿಗೆ ಕೇಳುವಷ್ಟು ಜೋರಾಗಿ ಹೇಳುತ್ತಿದ್ದನಂತೆ. ಕೈಗೆ ಬರುವ ಹಣವನ್ನು ಬಾಯಿತಪ್ಪಿಗಾಗಿ ಬಿಟ್ಟುಕೊಡುವ ಎದೆ ಎಷ್ಟು ಜನಕ್ಕಿರುತ್ತದೆ!

ಕತೆ ಮುಗಿಯಿತು. ಶಾಂಭವಿಯ ಕಣ್ಣು ತುಂಬಿ ಬಂದಿತ್ತು. ಎಂಥ ದೊಡ್ಡ ಮನುಷ್ಯ ಎಂದುಕೊಂಡಳು. ಮರುಕ್ಷಣವೇ ಅವಳಿಗೆ ತನ್ನ ಸೊನ್ನೆ ನೆನಪಾಯಿತು.

"ನೋಡಿ ಸರ್, ಒಂದು ಪದ ಹೋಗಿದ್ದಕ್ಕೆ ಆ ವರ್ತಕ ಹುಡುಗಿಗೆ ಶಿಕ್ಷೆ ಕೊಡಲಿಲ್ಲ. ನೀವೂ ಹಾಗೇ ಅಂಕ ಕೊಟ್ಟುಬಿಡಿ."

ಮೇಷ್ಟ್ರು ನಕ್ಕು, ಪ್ರಶ್ನೆಪತ್ರಿಕೆಯನ್ನು ಅವಳ ಕಡೆಗೆ ತಿರುಗಿಸಿ, "ವಾರ್ಷಿಕ" ಎಂಬ ಪದದ ಕೆಳಗೆ ಬೆರಳಿಟ್ಟರು.

"ಆ ಕತೆಯಲ್ಲಿ ಪದ ಬಿಟ್ಟವನೇ ನಷ್ಟ ಹೊತ್ತ, ಇಲ್ಲಿ ಪದ ಬಿಟ್ಟವರು ಯಾರಮ್ಮ?"