ಹುಲಿಗೆವ್ವನ ಮುಖ

ತುಂಗಭದ್ರೆಯ ದಡದ ಪುಟ್ಟ ಮನೆಯೊಂದರಲ್ಲಿ ಚನ್ನವೀರಯ್ಯ ಎಂಬ ಗುರುಗಳಿದ್ದರು. ಅವರು ಕಲಿಸುತ್ತಿದ್ದದ್ದು ಫೋಟೊ ತೆಗೆಯುವ ವಿದ್ಯೆ.

ಒಂದು ಸಂಜೆ ಶಿಷ್ಯೆ ಮಂದಾಕಿನಿ ಚಿತ್ರವೊಂದನ್ನು ತಂದಳು. ಅದರಲ್ಲಿ ಹರಿಗೋಲು ನಡೆಸುವ ಹುಲಿಗೆವ್ವ ತಲೆ ತಗ್ಗಿಸಿ ಕಲ್ಲಿನ ಮೇಲೆ ಕುಳಿತಿದ್ದಳು.

"ಪ್ರದರ್ಶನಕ್ಕೆ ಇದನ್ನೇ ಕಳಿಸುತ್ತೇನೆ ಗುರುಗಳೇ. ನೋಡಿದವರೆಲ್ಲ ಮರುಗಿದರು. ಎಂಥ ದುಃಖವಿದೆ ಇದರಲ್ಲಿ!"

"ಹುಲಿಗೆವ್ವ ನೋಡಿದಳೇ?"

"ಇಲ್ಲ."

"ಅವಳಿಗೆ ತೋರಿಸಿ ಬಾ."

ಮರುದಿನ ಬೆಳಿಗ್ಗೆ ಹೊಳೆಯ ದಡದಲ್ಲಿ ಹುಲಿಗೆವ್ವ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಯಾರವ್ವಾ ಈಕಿ? ಯಾರನ್ನ ಕಳಕೊಂಡಾಳ?"

"ನೀನೇ ಅಕ್ಕಾ."

ಹುಲಿಗೆವ್ವನ ಮುಖ ಬಿಗಿಯಿತು.

"ಅವತ್ತು ಕಾಲಾಗಿನ ಮುಳ್ಳು ತೆಗೀತಿದ್ದೆ. ನನ್ನ ಅಳೋ ಹೆಂಗಸು ಮಾಡಿಬಿಟ್ಟೆಲ್ಲ ತಂಗಿ! ಹೊಳಿ ತುಂಬಿ ಬಂದಾಗ ಗಂಡಸರು ಹರಗೋಲು ಬೋರಲು ಹಾಕಿ ಮನೀಗೆ ಹೋಗ್ತಾರ. ನಾನು ಬಸರಿ ಹೆಂಗಸರನ್ನ ಕುಂದ್ರಿಸಿಕೊಂಡು ಆಚಿ ದಂಡಿ ಮುಟ್ಟಿಸೀನಿ."

ಮಂದಾಕಿನಿ ತಲೆ ತಗ್ಗಿಸಿದಳು. "ತಪ್ಪಾಯಿತು ಅಕ್ಕಾ."

"ಅದು ಆಮ್ಯಾಲ. ಮೊದಲು ಹರಗೋಲು ಹತ್ತು."

ನಡುಹೊಳೆಯಲ್ಲಿ ಸೆಳವು ಹರಿಗೋಲನ್ನು ಗಿರ್ರನೆ ತಿರುಗಿಸಿತು. ಮಂದಾಕಿನಿ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಹುಲಿಗೆವ್ವ ಎದ್ದು ನಿಂತಳು. ಹುಟ್ಟನ್ನು ನೀರಿಗೆ ಒತ್ತಿ, ಮೈಯೆಲ್ಲ ಭಾರ ಹಾಕಿ ಎಳೆದಳು. ತಿರುಗುವುದು ನಿಂತಿತು. ಆಗ ಅವಳು ತಲೆಯೆತ್ತಿ, ಗೆದ್ದವಳಂತೆ ಹೊಳೆಯನ್ನು ನೋಡಿದಳು.

ಮಂದಾಕಿನಿ ಅಂಚನ್ನು ಬಿಟ್ಟು ಕ್ಯಾಮೆರಾ ಎತ್ತಿದಳು.

ಕೆಲವು ದಿನಗಳ ಮೇಲೆ ಹೊಸ ಚಿತ್ರವನ್ನು ಗುರುಗಳ ಮುಂದಿಟ್ಟಳು.

"ಓರೆಯಾಗಿದೆ. ಲೆನ್ಸ್ ಮೇಲೆ ನೀರು ಸಿಡಿದಿದೆ. ತೀರ್ಪುಗಾರರು ಬೇಡವೆನ್ನಬಹುದು. ಆದರೂ ಕಳಿಸುವುದು ಇದನ್ನೇ." ಅವಳ ದನಿಯಲ್ಲಿ ಅಳುಕಿರಲಿಲ್ಲ.

"ಹುಲಿಗೆವ್ವ ಏನಂದಳು?"

"'ಹ್ಞಾಂ, ಇದು ನಾನು' ಅಂದಳು. ಬಾಗಿಲ ಮೇಲೆ ಹಾಕಲು ಒಂದು ಪ್ರತಿ ಇಸಿದುಕೊಂಡಳು. ಬಂದವರಿಗೆಲ್ಲ ತೋರಿಸುತ್ತಿದ್ದಾಳೆ."

ಗುರುಗಳು ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಗೋಡೆಯಲ್ಲಿದ್ದ ತಮ್ಮದೇ ಚಿತ್ರವೊಂದನ್ನು ಇಳಿಸಿದರು. ಮುಳುಗುವ ಸೂರ್ಯ, ದೂರದಲ್ಲಿ ಚುಕ್ಕೆಯಂಥ ಹರಿಗೋಲು. ಆ ಮೊಳೆಗೆ ಹುಲಿಗೆವ್ವನ ಚಿತ್ರವನ್ನು ತೂಗುಹಾಕಿದರು.

ಮಂದಾಕಿನಿ ಗಾಬರಿಯಾದಳು. "ಗುರುಗಳೇ, ಅದು ನಿಮಗೆ ಹೆಸರು ತಂದ ಚಿತ್ರ!"

"ಹೌದು," ಎಂದರು ಚನ್ನವೀರಯ್ಯ. "ದಡದಲ್ಲಿ ನಿಂತು ತೆಗೆದದ್ದು."