ಕೆರೆಗೆ ಓದಿದ ಅರ್ಜಿ

"ಗುರುಗಳೇ, ಕೆಲಸಕ್ಕೆ ಅರ್ಜಿ ಬರೆಯುವಾಗ ನಾನು ಏನಾಗಿದ್ದೇನೋ ಅದನ್ನು ಬರೆಯಬೇಕೋ, ಅವರಿಗೆ ಎಂಥವನು ಬೇಕೋ ಅದನ್ನು ಬರೆಯಬೇಕೋ?" ಎಂದು ಕೊಟ್ರೇಶ ಕೇಳಿದ.

ಅವನು ಮಠದಲ್ಲಿದ್ದು ಓದಿದವನು. ಪಟ್ಟಣದ ಶಾಲೆಯೊಂದಕ್ಕೆ ಮೇಷ್ಟ್ರು ಬೇಕಾಗಿದ್ದರು. ಅವನ ಕೈಯಲ್ಲಿ ಎರಡು ಹಾಳೆಗಳಿದ್ದವು, ಒಂದು ಬಯೋಡೇಟಾ, ಇನ್ನೊಂದು ಅದರ ಜೊತೆಗಿಡುವ ಪತ್ರ. ಎರಡನ್ನೂ ಜೆರಾಕ್ಸ್ ಅಂಗಡಿಯವನು ಬೇರೆ ಯಾರದೋ ಮಾದರಿ ನೋಡಿ ಟೈಪು ಮಾಡಿಕೊಟ್ಟಿದ್ದ.

ಗುರುಗಳು ಎರಡನ್ನೂ ಓದಿದರು. "ಭಲೇ! ಯಾರಪ್ಪಾ ಈ ಮಹಾನುಭಾವ? ನಾನು ನೋಡಿಯೇ ಇಲ್ಲವಲ್ಲ!" ಎಂದು ನಕ್ಕರು. ಆಮೇಲೆ ಕೂತುಕೋ ಎಂದು ಹೇಳಿ ಈ ಕತೆ ತೆಗೆದರು.

ಒಬ್ಬ ನೀರುಗಂಟಿ ಇದ್ದ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು, ಮತ್ತೆ ಮುಚ್ಚುವುದು, ಏರಿ ಕಾಯುವುದು, ಇಷ್ಟು ಅವನ ಕೆಲಸ. ಹದಿನೆಂಟು ವರ್ಷ ಒಂದು ಪುಟ್ಟ ಕೆರೆಯನ್ನು ಕಾದ. ಆ ಕೆರೆಯಲ್ಲಿ ಹೂಳು ತುಂಬಿತು. ನೀರು ನಿಲ್ಲದ ಕೆರೆಗೆ ನೀರುಗಂಟಿ ಯಾಕೆ? ಅವನ ಕೆಲಸ ಹೋಯಿತು. ಮನೆಯಲ್ಲಿ ಐದು ಹೊಟ್ಟೆ. ಅಷ್ಟರಲ್ಲಿ ಮೂರು ಹರದಾರಿ ಆಚೆಯ ಹಿರೇಕೆರೆಗೆ ಆಳು ಬೇಕೆಂಬ ಸುದ್ದಿ ಬಂತು. ಇದೂ ಕೈತಪ್ಪಿದರೆ ಮನೆಯವರೆಲ್ಲ ಉಪವಾಸ ಬೀಳುವುದು ಖಂಡಿತವಾಗಿತ್ತು.

ಹಿರೇಕೆರೆಯಲ್ಲಿ ಒಂದು ಪದ್ಧತಿ. ಬಂದ ಅರ್ಜಿಯನ್ನು ಅಲ್ಲಿ ಜನರಿಗೆ ಓದುವುದಿಲ್ಲ. ಊರ ಹಿರಿಯ ಏರಿಯ ಮೇಲೆ ನಿಂತು, ನೀರಿನ ಕಡೆ ಮುಖ ಮಾಡಿ ಓದುತ್ತಾನೆ. ತನ್ನನ್ನು ಕಾಯುವವನು ಎಂಥವನೆಂದು ಕೆರೆಗೆ ಗೊತ್ತಾಗಬೇಕಂತೆ. ಒಂದೊಂದು ಸಾಲಿಗೂ "ಯಾರವನು?" ಎಂದು ಕೂಗುತ್ತಾನೆ. "ನಾನು" ಎಂದು ಓಗೊಟ್ಟವನದು ಕೆಲಸ.

ನೀರುಗಂಟಿಗೆ ಅಕ್ಷರ ಬಾರದು. ಅರ್ಜಿ ಬರೆದುಕೊಡುವವನೊಬ್ಬನ ಬಳಿಗೆ ಹೋದ. ನಿನಗೆ ಏನೇನು ಬರುತ್ತದೆ ಎಂದು ಅವನು ಕೇಳಿದ.

"ಹೆಚ್ಚೇನಿಲ್ಲ ಸ್ವಾಮಿ. ಎದೆಮಟ್ಟದ ನೀರಿಗೆ ಇಳಿಯುತ್ತೇನೆ. ಒಂದು ಸಲ ನನ್ನ ಕಣ್ಣೆದುರಿಗೇ ಏರಿ ಒಡೆಯಿತು. ಅವತ್ತಿನಿಂದ ದಿನಾ ಬರಿಗಾಲಲ್ಲಿ ಏರಿಯ ಉದ್ದಕ್ಕೂ ನಡೆಯುತ್ತೇನೆ. ಒಳಗೆ ಎಲ್ಲಿ ನೀರು ಜಿನುಗುತ್ತಿದೆಯೋ ಅಲ್ಲಿ ಅಂಗಾಲು ತಣ್ಣಗಾಗುತ್ತದೆ. ಒಡೆಯುವುದಕ್ಕೆ ಮೊದಲೇ ತಿಳಿಯುತ್ತದೆ."

"ಅಯ್ಯೋ ಮಂಕೇ! ನನ್ನ ಕಾಲದಲ್ಲಿ ಏರಿ ಒಡೆಯಿತು ಅಂತ ಯಾರಾದರೂ ಬರೆಸುತ್ತಾರೇನು?" ಎಂದು ಅವನು ಹಣೆ ಚಚ್ಚಿಕೊಂಡ. ಪೆಟ್ಟಿಗೆಯಿಂದ ಒಂದು ಹಳೆಯ ಪ್ರತಿ ತೆಗೆದ. "ಇದರಿಂದ ಆರು ಜನಕ್ಕೆ ಅದೇ ಕೆರೆಯಲ್ಲಿ ಕೆಲಸ ಸಿಕ್ಕಿದೆ. ಹೆಸರು ಬದಲಾಯಿಸಿದರೆ ಮುಗಿಯಿತು."

"ಆ ಆರು ಜನ ಈಗ ಹೇಗಿದ್ದಾರೆ ಸ್ವಾಮಿ?"

"ನನಗೇನು ಗೊತ್ತು? ಒಬ್ಬನೂ ತಿರುಗಿ ಈ ಕಡೆ ಬರಲಿಲ್ಲ. ಕೆಲಸ ಸಿಕ್ಕಿದವನು ಯಾಕೆ ಬರುತ್ತಾನೆ?"

ನೀರುಗಂಟಿ ಹೆಬ್ಬೆಟ್ಟು ಒತ್ತಿದ. ದಾರಿಯುದ್ದಕ್ಕೂ "ನಾನು, ನಾನು" ಎಂದು ಅಭ್ಯಾಸ ಮಾಡಿಕೊಳ್ಳುತ್ತಾ ಹೋದ, ಪಾಪ. ಎರಡು ದಿನದಿಂದ ಅವನಿಗೆ ನೆಗಡಿ, ದನಿ ಕಟ್ಟಿತ್ತು.

ಏರಿ ಮುಟ್ಟಿದಾಗ ನಡುಮಧ್ಯಾಹ್ನ. ಗಾಳಿ ಇಲ್ಲ. ನೀರು ಅಲುಗುತ್ತಿರಲಿಲ್ಲ. ಹಿರಿಯ ಅರ್ಜಿ ಬಿಡಿಸಿ, ಕೆರೆಯ ಕಡೆ ತಿರುಗಿ ಓದಿದ.

"ನೂರು ಎಣಿಸುವವರೆಗೆ ನೀರಿನ ತಳದಲ್ಲಿ ಉಸಿರು ಹಿಡಿದು ನಿಲ್ಲುವವನು. ಯಾರವನು?"

ನೀರುಗಂಟಿ ಬಾಯಿ ತೆರೆಯಬೇಕು, ಅಷ್ಟರಲ್ಲಿ ತೂಬಿನ ಕೆಳಗಿನಿಂದ "ನಾನು" ಎಂದು ಕೇಳಿತು.

ಅದು ಅವನದೇ ದನಿ. ಆದರೆ ಆ ದನಿಗೆ ನೆಗಡಿ ಇರಲಿಲ್ಲ.

ಹಿರಿಯ ಹಾಳೆಯಿಂದ ಕಣ್ಣೆತ್ತಲಿಲ್ಲ. "ಏರಿ ಬಿರಿದಾಗ ತನ್ನ ಮೈಯನ್ನೇ ಅಡ್ಡ ಕೊಟ್ಟವನು. ಯಾರವನು?" "ನಾನು." "ಒಂದು ದಿನವೂ ತಪ್ಪು ಮಾಡದವನು. ಯಾರವನು?" "ನಾನು." ಎಲ್ಲದಕ್ಕೂ ನೀರೇ ಓಗೊಟ್ಟಿತು. ದಂಡೆಯ ಮೇಲೆ ಇವನು ಬಾಯಿ ಆಡಿಸುತ್ತಿದ್ದ, ಸ್ವರವೇ ಹೊರಡಲಿಲ್ಲ. ಅಂಥ ಭಯ ಅವನ ಜನ್ಮದಲ್ಲೇ ಆಗಿರಲಿಲ್ಲ.

ಹಿರಿಯ ಹಾಳೆ ಮಡಚಿದ. "ಆಯಿತು, ಅವನಿಗೆ ಕೆಲಸ ಸಿಕ್ಕಿತು," ಎಂದ. ಆಮೇಲೆ ಇವನನ್ನು ನೋಡಿ, "ನೀನು ಯಾರಪ್ಪಾ?" ಎಂದು ಕೇಳಿದ.

ಆಗ ಇವನಿಗೆ ಮಾತು ಬಂತು. ಹದಿನೆಂಟು ವರ್ಷ, ಪುಟ್ಟ ಕೆರೆ, ಒಡೆದ ಏರಿ, ಅಂಗಾಲಿನ ತಂಪು, ಎಲ್ಲವನ್ನೂ ಅಳುತ್ತಾ ಹೇಳಿದ. "ಇಗೋ, ಇಲ್ಲೇ ನೋಡಿ, ನೀವು ನಿಂತ ಜಾಗದಲ್ಲೇ ಒಳಗೆ ಜಿನುಗುತ್ತಿದೆ!" ಎಂದ. ಹಿರಿಯ ಕೋಲಿನಿಂದ ಕೆದಕಿದ. ಗೇಣು ಕೆಳಗೆ ಮಣ್ಣು ಒದ್ದೆಯಾಗಿತ್ತು.

ಹಿರಿಯನ ಮುಖ ಬಾಡಿತು. "ಅಯ್ಯೋ, ಇಂಥವನನ್ನೇ ಅಲ್ಲವೇ ನಾವು ಹುಡುಕುತ್ತಿರುವುದು! ನೀರಿನ ಕೆಳಗಿರುವವರು ಕರೆದಾಗಲೆಲ್ಲ 'ನಾನು, ನಾನು' ಅನ್ನುತ್ತಾರೆ, ಒಬ್ಬನೂ ಮೇಲೆ ಬಂದು ಕೆಲಸ ಮಾಡುವುದಿಲ್ಲ. ಇದನ್ನು ಮೊದಲೇ ಬರೆಸಬಾರದಾಗಿತ್ತೇ ಮಾರಾಯ? ಓಗೊಟ್ಟವನದು ಕೆಲಸ. ಕೆರೆಗೆ ಕೊಟ್ಟ ಮಾತನ್ನು ನಾನು ಹೇಗೆ ಹಿಂದಕ್ಕೆ ತೆಗೆದುಕೊಳ್ಳಲಿ?"

ನೀರುಗಂಟಿ ಏರಿ ಇಳಿದ. ಮನೆಗೆ ಹೋಗೋಣವೆಂದರೆ ಏನು ಮುಖ ಹೊತ್ತು ಹೋಗುವುದು? ಏರಿಯ ಬುಡದ ಕಲ್ಲುಗಳ ಮೇಲೆ ಆರು ಜನ ಸಾಲಾಗಿ ಕೂತಿದ್ದರು. ಅವರು ಇವನನ್ನು ಏನೂ ಕೇಳಲಿಲ್ಲ. ಸ್ವಲ್ಪ ಸ್ವಲ್ಪ ಸರಿದು ಇವನಿಗೂ ಜಾಗ ಮಾಡಿಕೊಟ್ಟರು.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶ ಮೆಲ್ಲಗೆ, "ನೀರಿನಲ್ಲಿ ಓಗೊಟ್ಟದ್ದು ದೆವ್ವವೇ, ಗುರುಗಳೇ?" ಎಂದು ಕೇಳಿದ.

"ಕೆಲಸ ಸಿಕ್ಕಿದವನನ್ನು ದೆವ್ವ ಅನ್ನುತ್ತೀಯಲ್ಲ, ದಂಡೆಯ ಮೇಲೆ ಉಳಿದವನನ್ನು ಏನನ್ನುತ್ತೀಯೋ?" ಎಂದರು ಗುರುಗಳು.

ಕೊಟ್ರೇಶ ಎರಡು ಹಾಳೆಗಳನ್ನೂ ಮಡಚಿ ಜೇಬಿಗಿಟ್ಟುಕೊಂಡು, ಗುರುಗಳ ಹತ್ತಿರ ಒಂದು ಖಾಲಿ ಹಾಳೆ ಕೇಳಿದ.